ಕಲ್ಲೆಂಬ ಮಾತು

ದಿನಬಳಕೆಯ ಕೆಲವು ಮಾತುಗಳು ನಮ್ಮ ನಾಲಗೆಯಲ್ಲಿ ಎಷ್ಟು ಪಳಗಿಹೋಗಿರುವುವೆಂದರೆ, ಅವುಗಳನ್ನು ಒಮ್ಮೆಯಾದರೂ ನಿಂತು ನೋಡಬೇಕೆಂಬ ಯೋಚನೆಯೇ ನಮಗೆ ಹುಟ್ಟುವುದಿಲ್ಲ. ಅಪರೂಪದ ಸಂಸ್ಕೃತ ಪದವೊಂದು ಎದುರಾದರೆ ನಿಘಂಟನ್ನು ತೆರೆಯುತ್ತೇವೆ. ಮಣ್ಣು, ನೀರು, ಗಾಳಿ, ಕಲ್ಲು ಎಂಬ ಮಾತುಗಳಿಗಾಗಿ ಯಾರು ನಿಘಂಟನ್ನು ತೆರೆದಾರು? ಆದರೆ ಒಂದು ನಾಡಿನ ಜನರ ಬಾಳು ಹೇಗೆ ಸಾಗಿಬಂದಿತೆಂಬುದನ್ನು ತಿಳಿಯಬೇಕಾದರೆ ಇಂತಹ ಮಾತುಗಳೇ ನಂಬಿಕೆಯ ಸಾಕ್ಷಿಗಳು. ಅವುಗಳಲ್ಲಿ ಒಂದನ್ನು, 'ಕಲ್ಲು' ಎಂಬುದನ್ನು ಆರಿಸಿಕೊಂಡು, ಅದರ ಅರ್ಥಗಳನ್ನೂ ಬಳಕೆಗಳನ್ನೂ ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಸೀಮೆಯನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರಮಾಡೋಣ.

ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ತುಮಕೂರಿನಿಂದ ಯಾವ ದಿಕ್ಕಿಗೆ ಹೊರಟರೂ ಕಲ್ಲು ಕಣ್ಣಿಗೆ ಬೀಳದೆ ಇರದು. ಪೂರ್ವಕ್ಕೆ ದೇವರಾಯನದುರ್ಗ, ಉತ್ತರಕ್ಕೆ ಮಧುಗಿರಿಯ ಒಂಟಿಬಂಡೆಯ ಬೆಟ್ಟ, ದಕ್ಷಿಣಕ್ಕೆ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ, ಹುಲಿಯೂರುದುರ್ಗಗಳು. ಪಶ್ಚಿಮದಲ್ಲಿ ಗುಬ್ಬಿಯ ಕಡೆಗೆ ತೆಂಗು ಅಡಿಕೆಯ ತೋಟಗಳು ಕಣ್ಣಿಗೆ ತಂಪನ್ನು ಕೊಡುವುವು. ಆದರೆ ಆ ತೋಟಗಳ ಬೇಲಿಗೂ ಕಲ್ಲುಕೂಚವೇ ಆಧಾರ. ಭೂಗರ್ಭಶಾಸ್ತ್ರಜ್ಞರ ಎಣಿಕೆಯಂತೆ ಈ ಭಾಗದ ಹಳೆಯ ಶಿಲೆ ಸುಮಾರು 300 ಕೋಟಿ ವರ್ಷದ್ದು; ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನರು ಹತ್ತಿ ಕೂಡುವ ಬಂಡೆಯೂ ಇದೇ ಜಾತಿಗೆ ಸೇರಿದುದು. ಮಧುಗಿರಿ, ಪಾವಗಡಗಳ ಕಡೆ ಸಾಗುವ ಬೆಣಚುಮಿಶ್ರಿತ ಗ್ರಾನೈಟಿನ ಪಟ್ಟಿ ಅದಕ್ಕಿಂತ ಕಿರಿಯದು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದ ಆ ಶಿಲೆಗೆ 'ಕ್ಲೋಸ್‌ಪೇಟೆ ಗ್ರಾನೈಟು' ಎಂಬ ಹೆಸರು ಬಂದಿತು. ಇಂತಹ ನೆಲದ ಮೇಲೆ ಬಾಳಿದ ಜನರ ಮಾತಿನಲ್ಲಿ ಕಲ್ಲು ನೂರು ರೂಪವನ್ನು ತಾಳಿದುದರಲ್ಲಿ ಆಶ್ಚರ್ಯವೇನು?

ಮಾತಿನ ರೂಪ

ಹಳಗನ್ನಡದಲ್ಲಿ ಈ ಪದದ ರೂಪ 'ಕಲ್' ಎಂದು. ವ್ಯಂಜನದಲ್ಲಿ ಕೊನೆಗೊಳ್ಳುತ್ತಿದ್ದ ಹಳೆಯ ಮಾತುಗಳಿಗೆ ಕಾಲಕ್ರಮದಲ್ಲಿ ಉಕಾರವು ಸೇರಿತು. ಹಾಗೆ ಸೇರುವಾಗ, ಒಂದೇ ಸ್ವರವುಳ್ಳ ಮಾತುಗಳಲ್ಲಿ ಆ ಸ್ವರವು ಹ್ರಸ್ವವಾಗಿದ್ದರೆ ವ್ಯಂಜನವು ಇಮ್ಮಡಿಯಾಯಿತು. ದೀರ್ಘವಾಗಿದ್ದರೆ ಇದ್ದಂತೆಯೇ ಉಳಿಯಿತು. ಕಣ್ ಎಂಬುದು ಕಣ್ಣು, ಮಣ್ ಎಂಬುದು ಮಣ್ಣು, ಪುಲ್ ಎಂಬುದು ಹುಲ್ಲು, ಕಲ್ ಎಂಬುದು ಕಲ್ಲು. ಆದರೆ ಕಾಲ್ ಎಂಬುದು ಕಾಲು, ನೂಲ್ ಎಂಬುದು ನೂಲು. ಮಕ್ಕಳಿಗೆ ಕಾಗುಣಿತವನ್ನು ಕಲಿಸುವ ತಾಯಂದಿರು ಇದನ್ನೊಮ್ಮೆ ಹೇಳಿಕೊಟ್ಟರೆ ಎಲ್ಲಿ ಒತ್ತಕ್ಷರ ಬರುವುದು, ಎಲ್ಲಿ ಬಾರದು ಎಂಬುದು ಅವರ ಮನಸ್ಸಿನಲ್ಲಿ ನಿಲ್ಲುವುದು. ಹಾಗೆಯೇ 'ಕಲ್ಲು' ಎಂಬುದಕ್ಕೂ 'ಕಳ್ಳು' ಎಂಬುದಕ್ಕೂ ಇರುವ ಅಂತರವನ್ನು ನಾಲಗೆಗೆ ಚಿಕ್ಕಂದಿನಲ್ಲೇ ರೂಢಿಮಾಡಿಸಬೇಕು. ಇಲ್ಲವಾದರೆ ಕಲ್ಲು ಹೊರುವ ಬಡಪಾಯಿಯನ್ನು ಕೇಳಿದವರು ಕಳ್ಳಿನ ವ್ಯಾಪಾರಿಯೆಂದು ತಿಳಿದಾರು!

ಸಮಾಸದಲ್ಲಿ ಎರಡನೆಯ ಪದವಾಗಿ ಬಂದಾಗ ಕಲ್ಲಿನ ಕಕಾರವು ಗಕಾರವಾಗುವುದು. ಮಳೆಗಾಲದಲ್ಲಿ ಆಗುವ ಆದೇಶಸಂಧಿಯೇ ಇದು. ಒರೆಗಲ್ಲು, ಅಡಿಗಲ್ಲು, ವೀರಗಲ್ಲು, ಎಲ್ಲೆಗಲ್ಲು ಎಂಬಲ್ಲೆಲ್ಲ ಇದನ್ನು ಕಾಣಬಹುದು. ಊರಹೆಸರುಗಳಲ್ಲಂತೂ ಹಳೆಯ ರೂಪವೇ ಇಂದಿಗೂ ಉಳಿದಿರುವುದು. 'ಕುಣಿಗಲ್' ಎಂಬ ಹೆಸರನ್ನು ಕುಣಿ, ಕಲ್ ಎಂದು ಜನರು ಬಿಡಿಸುವರು. ಶಿವನು ಅಲ್ಲಿ ಕುಣಿದನೆಂದೂ, ಅದರಿಂದ ಊರಿಗೆ ಈ ಹೆಸರಾಯಿತೆಂದೂ ಐತಿಹ್ಯವುಂಟು. ಕನ್ನಡದಲ್ಲಿ 'ಕುಣಿ' ಎಂಬುದಕ್ಕೆ ನರ್ತಿಸು ಎಂಬಂತೆಯೇ ಗುಣಿ, ಹಳ್ಳ ಎಂಬ ಅರ್ಥವೂ ಇರುವುದರಿಂದ, ಗುಣಿಬಿದ್ದ ಕಲ್ಲು ಎಂದು ಬಿಡಿಸುವವರ ಮಾತನ್ನೂ ವ್ಯಾಕರಣವು ತಡೆಯದು. ಭಕ್ತರು ಕುಣಿತವನ್ನು ಕಂಡರು, ಒಕ್ಕಲಿಗನು ಗುಣಿಯನ್ನು ಕಂಡನು. ಕಲ್ಲನ್ನು ಮಾತ್ರ ಇಬ್ಬರೂ ಕಂಡರು. ಗುಬ್ಬಿ ತಾಲ್ಲೂಕಿನ ಕಲ್ಲೂರಿನಲ್ಲಿ ಇಂತಹ ಸಂದೇಹಕ್ಕೂ ಎಡೆಯಿಲ್ಲ.

ಈ ಪದವು ನಮ್ಮೊಬ್ಬರದೇ ಅಲ್ಲ. ತಮಿಳಿನಲ್ಲಿ 'ಕಲ್', ಮಲೆಯಾಳದಲ್ಲಿಯೂ ತುಳುವಿನಲ್ಲಿಯೂ ಹೆಚ್ಚುಕಡಿಮೆ ನಮ್ಮದೇ ರೂಪ. ತೆಲುಗರು ದಿನಬಳಕೆಯಲ್ಲಿ 'ರಾಯಿ' ಎನ್ನುವರಾದರೂ, ಕಾಕತೀಯರ ರಾಜಧಾನಿಯಾಗಿದ್ದ ಓರುಗಲ್ಲು ಎಂಬ ಹೆಸರಿನಲ್ಲಿ ಹಳೆಯ ಮಾತನ್ನು ಕಾಪಾಡಿಕೊಂಡಿರುವರು. ಆನೇಕಲ್, ಮುದಗಲ್, ಇಳಕಲ್, ನಾಮಕ್ಕಲ್, ದಿಂಡಿಗಲ್ ಎಂದು ದಕ್ಷಿಣದೇಶದ ನಕ್ಷೆಯ ಮೇಲೆ ಬೆರಳಾಡಿಸುತ್ತ ಹೋದರೆ ಕಲ್ಲು ಎಡವದ ದಾರಿಯೇ ಇಲ್ಲ. ಕಾವೇರಿಯು ಬಂಡೆಯ ಮೇಲಿಂದ ಧುಮುಕಿ ತುಂತುರನ್ನು ಎಬ್ಬಿಸುವೆಡೆಗೆ 'ಹೊಗೇನಕಲ್' ಎಂದು ಹೆಸರಿಟ್ಟವನು ವ್ಯಾಕರಣವನ್ನು ಓದಿರಲಿಕ್ಕಿಲ್ಲ. ಆದರೆ ಕಣ್ಣುಳ್ಳವನಾಗಿದ್ದುದು ನಿಶ್ಚಯ.

ಮನೆಯೊಳಗಿನ ಕಲ್ಲು

ಇನ್ನು ಊರನ್ನು ಬಿಟ್ಟು ಮನೆಯೊಳಕ್ಕೆ ಬರೋಣ. ಎರಡು ಮೂರು ತಲೆಮಾರುಗಳ ಹಿಂದಿನವರೆಗೆ ಈ ಸೀಮೆಯ ಗೃಹಿಣಿಯ ದಿನವು ಕಲ್ಲಿನಿಂದಲೇ ಆರಂಭವಾಗುತ್ತಿದ್ದಿತು. ಕೋಳಿ ಕೂಗುವುದಕ್ಕೆ ಮುಂಚೆ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತು, ಒಂದು ಕೈಯಿಂದ ಗೂಟವನ್ನು ಹಿಡಿದು ತಿರುಗಿಸುತ್ತ, ಇನ್ನೊಂದು ಕೈಯಿಂದ ಅದರ ಬಾಯಿಗೆ ಹಿಡಿಹಿಡಿಯಾಗಿ ರಾಗಿಯನ್ನು ಹಾಕುವುದು ಅವಳ ಮೊದಲ ಕೆಲಸ. ಆ ಹೊತ್ತಿಗೆ ಹಾಡುತ್ತಿದ್ದ ಹಾಡುಗಳಿಗೆ ಬೀಸುವ ಪದಗಳೆಂದೇ ಹೆಸರು. ಅವುಗಳಲ್ಲಿ ಹೆಂಗಸರು ಕಲ್ಲನ್ನು ತಾಯಿಯೆಂದು ಕರೆದು, ತವರಿನ ಸುಖವನ್ನೂ ಅತ್ತೆಮನೆಯ ಕಷ್ಟವನ್ನೂ ಅದರೊಡನೆ ಹೇಳಿಕೊಳ್ಳುವರು. ಮನುಷ್ಯರ ಮುಂದೆ ಆಡಲಾಗದ ಮಾತನ್ನು ಕಲ್ಲಿನ ಮುಂದೆ ಆಡುವುದಕ್ಕೆ ಅಡ್ಡಿಯಿರಲಿಲ್ಲ. ಕೇಳಿದುದನ್ನು ಮತ್ತೊಬ್ಬರಿಗೆ ಹೇಳದ ಗುಣವೂ ಕಲ್ಲಿನದೇ ಅಲ್ಲವೆ?

ಬೀಸುವ ಕಲ್ಲಿನ ಜೊತೆಗೆ ಒರಳುಕಲ್ಲು, ಅದರೊಳಗೆ ತಿರುಗುವ ಗುಂಡುಕಲ್ಲು, ಮಸಾಲೆ ಅರೆಯುವ ಕಲ್ಲು, ಗಂಧ ತೇಯುವ ಸಾಣೆಕಲ್ಲು, ಬಚ್ಚಲಿನ ಚಪ್ಪಡಿ, ಹಿತ್ತಿಲಿನ ಒಗೆಯುವ ಕಲ್ಲು ಇವು ಒಂದೊಂದೂ ತನ್ನ ತನ್ನ ಸ್ಥಾನದಲ್ಲಿ ಇರುತ್ತಿದ್ದುವು. ಬಹುಕಾಲ ತಿರುಗಿ ನುಣುಪಾದ ಕಲ್ಲಿಗೆ ಕಲ್ಲುಕುಟಿಗನು ಬಂದು ಉಳಿಯ ಏಟುಗಳಿಂದ ಮತ್ತೆ ಒರಟನ್ನು ಕೊಟ್ಟುಹೋಗುತ್ತಿದ್ದನು. ಮದುವೆಯ ಮನೆಯಲ್ಲಿ ಒರಳಿಗೂ ಬೀಸುವ ಕಲ್ಲಿಗೂ ಅರಿಸಿನ ಕುಂಕುಮವನ್ನಿಟ್ಟು ಪೂಜೆಮಾಡುವ ಪದ್ಧತಿ ಇಂದಿಗೂ ಅನೇಕ ಮನೆತನಗಳಲ್ಲಿ ಉಂಟು. ವೈದಿಕ ವಿವಾಹದಲ್ಲಿ ವಧುವನ್ನು ಕಲ್ಲಿನ ಮೇಲೆ ನಿಲ್ಲಿಸಿ, ಈ ಕಲ್ಲಿನಂತೆ ಸ್ಥಿರಳಾಗಿರೆಂದು ಹರಸುವ 'ಅಶ್ಮಾರೋಹಣ' ಎಂಬ ವಿಧಿಯಿರುವುದು. ಮನೆಯೆಂಬುದು ನಿಲ್ಲಬೇಕಾದರೆ ಅದರಲ್ಲಿ ಕಲ್ಲಿನ ಅಂಶವೊಂದು ಇರಬೇಕೆಂಬ ಭಾವನೆ ಈ ಎರಡು ಆಚಾರಗಳಲ್ಲಿಯೂ ಕಾಣುವುದು.

ಈಗ ರಾಗಿಯನ್ನು ಗಿರಣಿಯು ಬೀಸಿಕೊಡುತ್ತಿದೆ. ಒರಳಿನ ಕೆಲಸವನ್ನು ವಿದ್ಯುಚ್ಛಕ್ತಿಯ ಯಂತ್ರವು ವಹಿಸಿಕೊಂಡಿದೆ. ಇದರಿಂದ ಹೆಂಗಸರ ರಟ್ಟೆಗೆ ದೊರೆತ ಬಿಡುವನ್ನು ಯಾರೂ ಹಳಿಯಲಾಗದು. ಆದರೆ ದೋಸೆಯ ಹಿಟ್ಟನ್ನು ರುಬ್ಬುವ ಗ್ರೈಂಡರಿನ ಮುಚ್ಚಳವನ್ನು ತೆಗೆದು ನೋಡಿದರೆ ಒಳಗೆ ತಿರುಗುತ್ತಿರುವುದು ಕಲ್ಲೇ! ಹೆಸರು ಬದಲಾಯಿತು, ತಿರುಗಿಸುವ ಕೈ ಬದಲಾಯಿತು, ಕಲ್ಲು ಬದಲಾಗಲಿಲ್ಲ.

ಹೆಸರಿಗೆ ಮಾತ್ರ ಕಲ್ಲು

ಕಲ್ಲಲ್ಲದ ಎಷ್ಟೋ ವಸ್ತುಗಳಿಗೆ ಕಲ್ಲಿನ ಹೆಸರನ್ನು ನಾವು ಕೊಟ್ಟಿರುವೆವು. ಹರಳುಗಟ್ಟಿದ ಸಕ್ಕರೆ ಕಲ್ಲುಸಕ್ಕರೆ. ಪುರಂದರದಾಸರು ಭಗವಂತನ ನಾಮವನ್ನು ಇದಕ್ಕೆ ಹೋಲಿಸಿ ಹಾಡಿರುವುದನ್ನು ಅರಿಯದ ಕನ್ನಡಿಗರು ವಿರಳ. ಹರಳುಪ್ಪು ಕಲ್ಲುಪ್ಪು. ಆಕಾಶದಿಂದ ಬೀಳುವ ಹಿಮದ ಗಡ್ಡೆ ಆಲಿಕಲ್ಲು. ಅದಕ್ಕೇ ಆನೆಕಲ್ಲು ಎಂಬ ಇನ್ನೊಂದು ಹೆಸರೂ ಉಂಟು. ಮಸಾಲೆಗೆ ಪರಿಮಳವನ್ನು ಕೊಡುವ ಕಲ್ಲುಹೂವು ಕಲ್ಲೂ ಅಲ್ಲ, ಹೂವೂ ಅಲ್ಲ. ಬಂಡೆಯ ಮೇಲೆಯೂ ಮರದ ತೊಗಟೆಯ ಮೇಲೆಯೂ ಹಬ್ಬುವ ಪಾಚಿಯಂತಹ ಜೀವಿ. ಮೂತ್ರಕೋಶದಲ್ಲಿ ಕಟ್ಟುವ ಗಟ್ಟಿಯನ್ನು ನಮ್ಮ ಜನರು ಕಲ್ಲು ಎಂದರೆ, ಆಯುರ್ವೇದವು 'ಅಶ್ಮರಿ' ಎಂದಿತು, ಅಶ್ಮವೆಂದರೂ ಕಲ್ಲೇ.

ಆದರೆ ಕಿವಿಗೆ ಕಲ್ಲೆಂದು ಕೇಳಿಸಿದುದೆಲ್ಲವೂ ಕಲ್ಲಲ್ಲ. ಬೇಸಿಗೆಯಲ್ಲಿ ಎಲ್ಲರೂ ಆಸೆಪಡುವ ಕಲ್ಲಂಗಡಿಯನ್ನು ನೋಡಿರಿ. ಅದರಲ್ಲಿ ಕಲ್ಲೂ ಇಲ್ಲ, ಅಂಗಡಿಯೂ ಇಲ್ಲ. ಸಂಸ್ಕೃತದಲ್ಲಿ ಅದು ಕಾಲಿಂಗ, ಮರಾಠಿಯಲ್ಲಿ ಕಲಿಂಗಡ. ಆ ಹೆಸರು ಕನ್ನಡಿಗರ ನಾಲಗೆಯಲ್ಲಿ ಹೊರಳಿ, ಪರಿಚಿತವಾದ ಎರಡು ಮಾತುಗಳ ವೇಷವನ್ನು ತೊಟ್ಟಿತು.

ಇಂತಹ ಲೀಲೆ ನಮ್ಮ ಭಾಷೆಯಲ್ಲಿ ಮಾತ್ರ ನಡೆಯುವುದೆಂದು ತಿಳಿಯಬಾರದು. ದೂರದ ಚೀನಾದೇಶದಲ್ಲಿ ಕಲ್ಲಿಗೆ 'ಷಿ' ಎನ್ನುವರು. ಅಲ್ಲಿಯೂ ಈ ಚಿಕ್ಕ ಮಾತು ಹತ್ತಾರು ಮಾತುಗಳಿಗೆ ತಾಯಿ. ಭೂಮಿಯೊಳಗಿನ ಪೆಟ್ರೋಲಿಯಮ್ಮಿಗೆ ಅವರು 'ಷಿಯೌ', ಎಂದರೆ ಕಲ್ಲೆಣ್ಣೆ, ಎನ್ನುವರು. ಪೆಟ್ರೋಲಿಯಮ್ ಎಂಬ ಲ್ಯಾಟಿನ್ ಮಾತಿನ ಅರ್ಥವೂ ಅದೇ. ಪಳೆಯುಳಿಕೆಗೆ 'ಮಾರ್ಪಟ್ಟ ಕಲ್ಲು' ಎಂದು ಹೆಸರು. ನಾವು ಸೂಜಿಯನ್ನು ಸೆಳೆಯುವ ಅಯಸ್ಕಾಂತವನ್ನು ಸೂಜಿಗಲ್ಲು ಎಂದರೆ, ಅವರ ಹಿಂದಿನವರು ಅದನ್ನು 'ವಾತ್ಸಲ್ಯದ ಕಲ್ಲು' ಎಂದು ಬರೆದರು. ತಾಯಿ ಮಗುವನ್ನು ಸೆಳೆದುಕೊಳ್ಳುವಂತೆ ಅದು ಕಬ್ಬಿಣವನ್ನು ಸೆಳೆದುಕೊಳ್ಳುವುದೆಂಬುದು ಅದರ ಭಾವ. ದಾಳಿಂಬೆಯ ಚೀನೀ ಹೆಸರಿನಲ್ಲಿಯೂ 'ಷಿ' ಎಂಬ ಅಕ್ಷರವಿರುವುದು. ಆದರೆ ಅದು ಹಣ್ಣು ಬಂದ ಪಶ್ಚಿಮದ ದೂರದೇಶದ ಹೆಸರಿನ ತುಣುಕೆಂದು ವಿದ್ವಾಂಸರು ವಿವರಿಸುವರು. ನಮ್ಮ ಕಲ್ಲಂಗಡಿಗೂ ಅವರ ದಾಳಿಂಬೆಗೂ ಎಂತಹ ನೆಂಟಸ್ತನ!

ಕಠಿಣವೂ ಹೌದು, ಆಸರೆಯೂ ಹೌದು

ನುಡಿಗಟ್ಟುಗಳಲ್ಲಿ ಕಲ್ಲಿಗೆ ಬಂದಿರುವ ಹೆಸರು ಮೊದಲ ನೋಟಕ್ಕೆ ಒಳ್ಳೆಯದಲ್ಲ. ಕರುಣೆಯಿಲ್ಲದವನು ಕಲ್ಲೆದೆಯವನು. ಒಬ್ಬನ ಜೀವನೋಪಾಯವನ್ನು ಕೆಡಿಸಿದರೆ ಅವನ ಅನ್ನಕ್ಕೆ ಕಲ್ಲುಹಾಕಿದಂತೆ. ವ್ಯರ್ಥವಾದ ದುಡಿಮೆ ಬೆಟ್ಟಕ್ಕೆ ಕಲ್ಲು ಹೊತ್ತಂತೆ. ಎಷ್ಟು ಮಳೆ ಸುರಿದರೂ ನೀರನ್ನು ಹೀರದ ಬಂಡೆಯು ಬುದ್ಧಿ ಹೇಳಿಸಿಕೊಳ್ಳದ ಮೂರ್ಖನಿಗೆ ಹೋಲಿಕೆ. ಕಲ್ಲುನಾಗರಕ್ಕೆ ಹಾಲನ್ನೆರೆದು ನಿಜವಾದ ನಾಗರವನ್ನು ಕೊಲ್ಲಹೊರಡುವ ಜನರನ್ನು ಬಸವಣ್ಣನವರು ಹಳಿದುದು ಪ್ರಸಿದ್ಧವಾಗಿಯೇ ಇದೆ.

ಆದರೆ ಅದೇ ಜನರು ಸತ್ಯವನ್ನು ಪರೀಕ್ಷಿಸಬೇಕಾದಾಗ ಒರೆಗಲ್ಲನ್ನು ನೆನೆದರು. ಕೆಲಸಕ್ಕೆ ಭದ್ರವಾದ ಆರಂಭವನ್ನು ಅಡಿಗಲ್ಲು ಎಂದರು. ರಸ್ತೆಯಲ್ಲಿ ಮೈಲಿಗಳು ಹೋಗಿ ಕಿಲೋಮೀಟರುಗಳು ಬಂದು ಎಷ್ಟೋ ದಶಕಗಳಾದರೂ, ಬಾಳಿನ ಮುಖ್ಯ ಘಟ್ಟಕ್ಕೆ ಮೈಲಿಗಲ್ಲೆಂಬ ಮಾತೇ ನಿಂತಿತು. ದುಃಖವನ್ನು ನುಂಗಿ ಕರ್ತವ್ಯವನ್ನು ನಡೆಸುವವಳು ಎದೆಯ ಮೇಲೆ ಕಲ್ಲಿಟ್ಟುಕೊಂಡವಳು. ಕಲ್ಲೆದೆಯವನಿಗೂ ಇವಳಿಗೂ ಎಷ್ಟು ಅಂತರ! ಮೊದಲನೆಯವನ ಕಲ್ಲು ಎದೆಯ ಒಳಗೆ, ಎರಡನೆಯವಳ ಕಲ್ಲು ಎದೆಯ ಮೇಲೆ. ಕಷ್ಟಗಳು ಸುರಿಯುವಾಗ ಮನುಷ್ಯನು ಕಲ್ಲಾಗಬೇಕೆಂದು ಡಿ. ವಿ. ಗುಂಡಪ್ಪನವರು 1943ರಲ್ಲಿ ಪ್ರಕಟವಾದ 'ಮಂಕುತಿಮ್ಮನ ಕಗ್ಗ'ದಲ್ಲಿ ಹೇಳಿದಾಗ, ಅವರ ಮನಸ್ಸಿನಲ್ಲಿದ್ದುದೂ ಈ ಸಹನೆಯ ಕಲ್ಲೇ.

ಕಲ್ಲಿನೊಳಗೂ ಜೀವವುಂಟೆಂಬ ನಂಬಿಕೆಗೆ ಈ ಸೀಮೆಯ ಕಥೆಗಳೇ ಸಾಕ್ಷಿ. ತುಮಕೂರಿಗೆ ಕೆಲವೇ ಮೈಲಿಗಳ ದೂರದಲ್ಲಿ, ಗೂಳೂರಿನ ಬಳಿ, ಕೈದಾಳವೆಂಬ ಊರಿದೆ. ಅದರ ಹಿಂದಿನ ಹೆಸರು ಕ್ರೀಡಾಪುರ. ಹೊಯ್ಸಳರ ಸಾಮಂತನಾಗಿದ್ದ ಬಾಚಿ ಎಂಬವನು ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಗಂಗಾಧರೇಶ್ವರನ ಗುಡಿಯನ್ನು ಕಟ್ಟಿಸಿದನು. ಐತಿಹ್ಯದಂತೆ ಶಿಲ್ಪಿ ಜಕಣಾಚಾರಿಯ ಹುಟ್ಟೂರು ಇದೇ. ಆತನು ಮನೆಯನ್ನು ತೊರೆದು ಹೋಗಿ ಬೇಲೂರಿನಲ್ಲಿ ವಿಗ್ರಹವನ್ನು ಕಡೆದಾಗ, ತಂದೆಯನ್ನು ಹುಡುಕುತ್ತ ಬಂದ ಮಗ ಡಂಕಣನು, ತಂದೆಯೆಂದು ಅರಿಯದೆ, ಆ ಕಲ್ಲಿನಲ್ಲಿ ದೋಷವಿದೆಯೆಂದನು. ದೋಷವು ನಿಜವಾದರೆ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ಜಕಣನು ಪಂತವನ್ನು ಕಟ್ಟಿದನು. ವಿಗ್ರಹಕ್ಕೆಲ್ಲ ಗಂಧವನ್ನು ಬಳಿಯಲು, ಎಲ್ಲೆಡೆ ಒಣಗಿತು. ಹೊಕ್ಕುಳ ಬಳಿಯಲ್ಲಿ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯನ್ನಿಡಲು ನೀರೂ ಮರಳೂ ಹೊರಬಿದ್ದು, ಜೀವಂತವಾದ ಕಪ್ಪೆ ಕಾಣಿಸಿತು. ಜಕಣನು ನುಡಿದಂತೆ ಕೈಯನ್ನು ಕಡಿದುಕೊಂಡನು. ಮುಂದೆ ದೈವಾಜ್ಞೆಯಂತೆ ಹುಟ್ಟೂರಿನಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಲು, ಕೈ ಮರಳಿ ಬಂದಿತೆಂದೂ, ಊರಿಗೆ ಕೈದಾಳವೆಂಬ ಹೆಸರಾಯಿತೆಂದೂ ಹೇಳುವರು. ಇದನ್ನು ಚರಿತ್ರೆಯೆಂದು ಎಣಿಸಬೇಕಾಗಿಲ್ಲ. ತನ್ನ ಕಲ್ಲನ್ನು ತಾನು ಪೂರ್ತಿ ಬಲ್ಲೆನೆಂಬ ಹೆಮ್ಮೆ ಎಷ್ಟು ದೊಡ್ಡ ಶಿಲ್ಪಿಗೂ ಸಲ್ಲದೆಂಬ ಮಾತನ್ನು ಮಾತ್ರ ಈ ಕಥೆಯಿಂದ ತೆಗೆದುಕೊಂಡರೆ ಸಾಕು.

ಕ್ಯಾತಸಂದ್ರದ ಬಳಿಯ ಸಿದ್ಧಗಂಗೆಯ ಬೆಟ್ಟದಲ್ಲಿ ಬಂಡೆಯ ನಡುವೆ ನೀರಿನ ಊಟೆಯೊಂದಿದೆ. ಗೋಸಲ ಸಿದ್ಧೇಶ್ವರರು ಬಾಯಾರಿದ ಶಿಷ್ಯನಿಗಾಗಿ ಬಂಡೆಯಿಂದ ಗಂಗೆಯನ್ನು ಬರಿಸಿದರೆಂಬುದು ಅದರ ಐತಿಹ್ಯ. ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಯಲ್ಲಿ, ಹಣೆಗೆ ನಾಮವನ್ನಿಡಲು ನೀರು ದೊರೆಯದೆ ಶ್ರೀರಾಮನು ಬಾಣದಿಂದ ಬಂಡೆಯನ್ನು ಸೀಳಿದನೆಂದು ಹೇಳುವರು. ಮಳೆ ಕಡಿಮೆಯಾದ ಈ ಸೀಮೆಯ ಜನರಿಗೆ, ಕಲ್ಲಿನಿಂದ ನೀರು ಬಂದುದಕ್ಕಿಂತ ದೊಡ್ಡ ಪವಾಡವು ತೋರಲಿಲ್ಲವೆಂಬುದು ಸಹಜವೇ. ಬಂಡೆಯ ಬಿರುಕುಗಳಲ್ಲಿ ಮಳೆಯ ನೀರು ಇಳಿದು ನಿಂತು, ತಗ್ಗಿನಲ್ಲಿ ಜಿನುಗುವುದೆಂದು ಶಾಸ್ತ್ರವು ವಿವರಿಸುವುದು. ವಿವರಣೆಯನ್ನು ತಿಳಿದ ಮೇಲೂ ಆ ನೀರಿನ ರುಚಿ ಕಡಿಮೆಯಾಗದು.

ನಿಲ್ಲಿಸಿದ ಕಲ್ಲುಗಳು

ಬಿದ್ದಿರುವ ಕಲ್ಲು ಪ್ರಕೃತಿಯದು. ನಿಂತಿರುವ ಕಲ್ಲು ಮನುಷ್ಯನದು. ನಮ್ಮ ಹಳ್ಳಿಗಳಲ್ಲಿ ನಿಲ್ಲಿಸಿದ ಒಂದೊಂದು ಕಲ್ಲ ಹಿಂದೆಯೂ ಒಂದು ಮಾತಿರುವುದು. ಊರನ್ನು ಕಟ್ಟುವಾಗ ನಡುವೆ ನೆಡುವುದು ಕರುಗಲ್ಲು. ದನಕರುಗಳಿಗೆ ಬೇನೆ ಬಂದಾಗಲೂ ಹಬ್ಬದಲ್ಲೂ ಇದಕ್ಕೆ ಪೂಜೆ. ಹೊಲಕ್ಕೂ ಹೊಲಕ್ಕೂ ನಡುವೆ ಇರುವುದು ಎಲ್ಲೆಗಲ್ಲು. ಭೂಮಾಪನದವರ ಭಾಷೆಯಲ್ಲಿ ಬಾಂದುಕಲ್ಲು. ದೇವರಿಗೆ ಬಿಟ್ಟ ಭೂಮಿಯ ಗಡಿಯಲ್ಲಿ ಲಿಂಗಮುದ್ರೆಯ ಕಲ್ಲನ್ನೋ ವಾಮನಮುದ್ರೆಯ ಕಲ್ಲನ್ನೋ ನಿಲ್ಲಿಸುತ್ತಿದ್ದರು. ದಾರಿಹೋಕರು ತಲೆಯ ಹೊರೆಯನ್ನು ಇನ್ನೊಬ್ಬರ ನೆರವಿಲ್ಲದೆ ಇಳಿಸಿ ಎತ್ತಿಕೊಳ್ಳಲೆಂದು, ಆಳೆತ್ತರದಲ್ಲಿ ಅಡ್ಡಗಲ್ಲನ್ನು ಹೊತ್ತ ಎರಡು ಕಂಬಗಳನ್ನು ರಸ್ತೆಯ ಪಕ್ಕದಲ್ಲಿ ಪುಣ್ಯಾರ್ಥವಾಗಿ ನಿಲ್ಲಿಸುವವರೂ ಇದ್ದರು.

ಇವೆಲ್ಲಕ್ಕಿಂತಲೂ ಹೃದಯವನ್ನು ಮುಟ್ಟುವುದು ವೀರಗಲ್ಲು. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡಗಟ್ಟಿ ಸತ್ತವನಿಗೆ, ಹೆಂಗಸರ ಮಾನವನ್ನು ಕಾಯಲು ಸತ್ತವನಿಗೆ, ಒಡೆಯನ ಯುದ್ಧದಲ್ಲಿ ಮಡಿದವನಿಗೆ ಊರವರು ಕಲ್ಲನ್ನು ನಿಲ್ಲಿಸುತ್ತಿದ್ದರು. ಅದರಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತುಗಳಿರುವುವು. ಕೆಳಗೆ ಕಾಳಗ, ನಡುವೆ ವೀರನನ್ನು ಎರಡು ಕಡೆಯಿಂದಲೂ ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ತುದಿಯಲ್ಲಿ ಸೂರ್ಯಚಂದ್ರರು, ಅವರಿರುವವರೆಗೆ ಈ ಹೆಸರೂ ಇರಲೆಂದು ಅದರ ಅರ್ಥ. ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ಹಳೆಯ ಶಾಸನಗಳಲ್ಲಿ 'ಕಲ್ನಾಡು' ಎಂಬ ಮಾತೇ ಉಂಟು. ಕಲ್ಲನ್ನು ನಿಲ್ಲಿಸಿ ಸುಮ್ಮನಾಗದೆ, ಉಳಿದವರ ಹೊಟ್ಟೆಯನ್ನೂ ನೋಡಿದ ಕಾಲದ ಮಾತು ಅದು. ಗಂಡನೊಡನೆ ಸಹಗಮನಮಾಡಿದವಳ ನೆನಪಿಗೆ ನಿಲ್ಲಿಸಿದುದು ಮಾಸ್ತಿಕಲ್ಲು. ಬಳೆತೊಟ್ಟು ಮೇಲೆತ್ತಿದ ಕೈಯಿಂದ ಅದನ್ನು ಗುರುತಿಸಬಹುದು. ಆ ಕೈಯನ್ನು ಕಂಡಾಗ ಭಕ್ತಿಗಿಂತ ಮರುಕವೇ ಇಂದು ನಮ್ಮಲ್ಲಿ ಹೆಚ್ಚಾಗಿ ಹುಟ್ಟಿದರೆ ತಪ್ಪೇನೂ ಇಲ್ಲ.

ಮನುಷ್ಯರಿಗೆ ಮಾತ್ರ ಕಲ್ಲು ಮೀಸಲಾಗಿರಲಿಲ್ಲ. ಕುಣಿಗಲ್ಲಿನ ದಕ್ಷಿಣಕ್ಕೆ, ಮದ್ದೂರು ಸೀಮೆಯ ಆತಕೂರಿನಲ್ಲಿ ದೊರೆತ 949-50ರ ಶಾಸನವು ಒಂದು ಬೇಟೆನಾಯಿಯ ಕಥೆಯನ್ನು ಹೇಳುವುದು. ಗಂಗರ ಬೂತುಗನಿಂದ ಮಣಲೇರನೆಂಬ ವೀರನು ಬೇಡಿ ಪಡೆದ 'ಕಾಳಿ' ಎಂಬ ನಾಯಿ, ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತುವು. ಅದರ ನೆನಪಿಗೆ ಒಡೆಯನು ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಟ್ಟನು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಹಿಂದಿನ ಎಷ್ಟೋ ಸಿರಿವಂತರ ಹೆಸರುಗಳು ಅಳಿದುಹೋದುವು. ಒಂದು ನಾಯಿಯ ಹೆಸರು ಉಳಿಯಿತು.

ಹೆಸರು ಹೋದರೆ ಕಲ್ಲೂ ಹೋಗುವುದು

ಇಲ್ಲಿಯವರೆಗೆ ಹೇಳಿದುದು ಬರಿಯ ಮಾತಿನ ಬೆಡಗಲ್ಲ. ಬಿ. ಎಲ್. ರೈಸ್ ಅವರು ಊರೂರುಗಳ ಶಾಸನಗಳನ್ನು ಸಂಗ್ರಹಿಸಿ, ತುಮಕೂರು ಜಿಲ್ಲೆಯವುಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಗ್ರಂಥಮಾಲೆಯ ಹನ್ನೆರಡನೆಯ ಸಂಪುಟದಲ್ಲಿ 1904ರಲ್ಲಿ ಅಚ್ಚುಮಾಡಿಸಿದರು. ಬಹುಕಾಲ ಕನ್ನಡದ ಮೊದಲ ಶಾಸನವೆಂದು ಎಣಿಸಲ್ಪಟ್ಟ ಹಲ್ಮಿಡಿಯ ಕಲ್ಲನ್ನು ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಗುರುತಿಸಿದುದು 1936ರಲ್ಲಿ. ಅದಕ್ಕೆ ಮೊದಲು ಸುಮಾರು ಹದಿನೈದು ಶತಮಾನಗಳ ಕಾಲ ಅದು ಎಲ್ಲ ಕಲ್ಲುಗಳ ನಡುವೆ ಒಂದು ಕಲ್ಲಾಗಿಯೇ ಇದ್ದಿತು. ಈ ನಡುವೆ ಯಾರಾದರೂ ಅದನ್ನು ಮೆಟ್ಟಿಲಿಗೋ ಚರಂಡಿಯ ಚಪ್ಪಡಿಗೋ ಒಡೆದು ಹಾಕಿದ್ದರೆ, ನಮ್ಮ ನುಡಿಯ ಪುರಾತನ ರೂಪವನ್ನು ಕಾಣುವ ಒಂದು ಕಿಟಕಿಯೇ ಮುಚ್ಚಿಹೋಗುತ್ತಿದ್ದಿತು.

ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಹಾಳುಗುಡಿಯ ಪಕ್ಕದಲ್ಲಿ ಅರ್ಧ ಹೂತುಹೋಗಿರುವ ಕಲ್ಲು ವೀರಗಲ್ಲೆಂದು ಊರಿನ ಒಬ್ಬ ಅಜ್ಜನಿಗೆ ಗೊತ್ತಿರುವವರೆಗೆ ಅದಕ್ಕೆ ಅಪಾಯವಿಲ್ಲ. ಆ ಹೆಸರನ್ನು ಹೇಳುವವರು ಇಲ್ಲವಾದ ಮರುದಿನದಿಂದ ಅದು ಬರಿಯ ಕಲ್ಲು. ಬರಿಯ ಕಲ್ಲಿಗೆ ಜಲ್ಲಿಯ ಯಂತ್ರವಾಗಲಿ ಅಡಿಪಾಯದ ಗುಂಡಿಯಾಗಲಿ ಎಂದಾದರೂ ಕಾದಿರುವುದು. ಒರಳುಕಲ್ಲಿನ ಗತಿಯೂ ಅಷ್ಟೇ. ಅದರ ಹೆಸರೂ ಉಪಯೋಗವೂ ಮಕ್ಕಳಿಗೆ ತಿಳಿಯದಾದಾಗ, ಮನೆಯನ್ನು ಹೊಸದಾಗಿ ಕಟ್ಟುವ ವೇಳೆಯಲ್ಲಿ ಅದು ಮಣ್ಣಿನೊಡನೆ ಹೊರಬೀಳುವುದು. ಕಲ್ಲು ಶಾಶ್ವತವೆಂದು ನಾವು ನಂಬಿರುವೆವು. ಆದರೆ ಅದನ್ನು ಇಷ್ಟು ಕಾಲ ಕಾದುದು ಅದರ ಗಟ್ಟಿತನವಲ್ಲ, ಅದಕ್ಕಿದ್ದ ಹೆಸರು.

ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ಹಬ್ಬಕ್ಕೋ ಜಾತ್ರೆಗೋ ಹುಟ್ಟೂರಿಗೆ ಹೋದಾಗ, ಮಕ್ಕಳನ್ನು ಜೊತೆಯಲ್ಲಿ ಕರೆದುಕೊಂಡು ಊರಿನ ಸುತ್ತ ಒಮ್ಮೆ ನಡೆಯಿರಿ. ನಿಂತ ಕಲ್ಲುಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಿರಿ. ಸಾಧ್ಯವಾದರೆ ಚಿತ್ರವನ್ನೂ ತೆಗೆಯಿರಿ. ಅಕ್ಷರಗಳಿರುವ ಕಲ್ಲಿಗೆ ಸುಣ್ಣವನ್ನೂ ಬಣ್ಣವನ್ನೂ ಬಳಿಯಬೇಡಿರಿ. ಬಳಿದರೆ ಕಾಲ ಅಳಿಸದೆ ಉಳಿಸಿದುದನ್ನು ನಾವೇ ಅಳಿಸಿದಂತಾಗುವುದು. ಅದನ್ನು ಇದ್ದೆಡೆಯಿಂದ ಕೀಳದೆ ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿರಿ. ಮನೆಯ ಹಿತ್ತಿಲಿನಲ್ಲಿ ಅಜ್ಜಿಯ ಬೀಸುವ ಕಲ್ಲು ಇನ್ನೂ ಇದ್ದರೆ, ಅದರ ಬಾಯಿಗೆ ಒಂದು ಹಿಡಿ ರಾಗಿಯನ್ನು ಹಾಕಿ ಮಕ್ಕಳ ಕೈಯಿಂದ ನಾಲ್ಕು ಸುತ್ತು ತಿರುಗಿಸಿರಿ. ಆ ಸದ್ದನ್ನು ಒಮ್ಮೆ ಕೇಳಿದ ಮಗುವಿಗೆ ಆ ಕಲ್ಲಿನ ಹೆಸರನ್ನು ಎರಡನೆಯ ಸಲ ಹೇಳಿಕೊಡಬೇಕಾಗುವುದಿಲ್ಲ.